ವಿಫಲ ವ್ಯಕ್ತಿಯ ಖಾಯಮಾತಿ

ರಾಜ್ಯ ಯಶಸ್ಸು ಅಭಿವೃದ್ಧಿ ನಿಗಮದ ಚಾಮರಾಜಪೇಟೆ ಕಚೇರಿಯಲ್ಲಿ ‘ವಿಫಲ ವ್ಯಕ್ತಿ’ ಎಂಬ ಹುದ್ದೆ ಒಂದೇ ಒಂದಿದ್ದು, ಅದನ್ನು ನೇರ ನೇಮಕಾತಿಯಿಂದ ತುಂಬತಕ್ಕದ್ದೇ ಹೊರತು ಬಡ್ತಿಯಿಂದ ತುಂಬತಕ್ಕದ್ದಲ್ಲವೆಂದು ನಿಯಮಾವಳಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಬಡ್ತಿ ಪಡೆದು ಬಂದವನು ವಿಫಲನಾಗುವುದಾದರೂ ಹೇಗೆ ಎಂಬುದು ನಿಗಮದ ಪ್ರಶ್ನೆ. ಸದರಿ ಹುದ್ದೆಯಲ್ಲಿ ಈಗ ಇರುವವನು ಕಲಾಸಿಪಾಳ್ಯದಲ್ಲಿ ತರಕಾರಿ ಮಂಡಿ ಇಟ್ಟಿರುವ ಧರ್ಮರಾಜು ಅವರ ಒಬ್ಬನೇ ಮಗ ಮುನಿರಾಜ್. ಸರ್ಕಾರಿ ಕೆಲಸಕ್ಕಾಗಿ ಅವನು ಬರೆಯದ ಪರೀಕ್ಷೆ ಇರಲಿಲ್ಲ. ಬರೆದ ಪರೀಕ್ಷೆಗಳೆಲ್ಲ ಕೈಕೊಟ್ಟಿದ್ದವು.

ಹುದ್ದೆ ಹುಟ್ಟಿದ ಹಿನ್ನೆಲೆ ಹೀಗಿದೆ. ಬೇರೆ ಬೇರೆ ಇಲಾಖೆಗಳ ನೌಕರರನ್ನು ಕರೆಸಿ ಯಶಸ್ಸಿಗೆ ಬೇಕಾದ ಅಭ್ಯಾಸಗಳನ್ನು ಕಲಿಸುವುದು ನಿಗಮದ ಕೆಲಸ. ಬೇಗ ಏಳುವುದು, ಸಮಯ ಪಾಲಿಸುವುದು, ಹಿಡಿದ ಕೆಲಸ ಮುಗಿಸುವುದು, ಬೆನ್ನು ನೆಟ್ಟಗಿಟ್ಟು ನಿಲ್ಲುವುದು, ಮಾತು ನುಂಗದೆ ಆಡುವುದು ಮುಂತಾದವು. ಈ ಅಭ್ಯಾಸಗಳಿಲ್ಲದಿದ್ದರೆ ಏನಾಗುತ್ತದೆ ಎಂದು ತೋರಿಸಲು ಬೋಧಕರು ಮೊದಲೆಲ್ಲ ಎದುರಿಗೆ ಕೂತವರನ್ನೇ ಬೆರಳಿಟ್ಟು ತೋರಿಸುತ್ತಿದ್ದರು. ಒಮ್ಮೆ ಒಬ್ಬ ಶಾಖಾಧಿಕಾರಿಯನ್ನು ಹಾಗೆ ತೋರಿಸಿದ್ದಕ್ಕೆ ನೌಕರರ ಸಂಘದವರು ಕಪ್ಪುಪಟ್ಟಿ ಕಟ್ಟಿಕೊಂಡು ಗೇಟಿನ ಮುಂದೆ ಕೂತರು. ಆಗ ಆಡಳಿತ ಮಂಡಳಿ ಸಭೆ ಸೇರಿ, ‘ವೈಫಲ್ಯಕ್ಕಾಗಿ ಹೊರಗಿನವರನ್ನು ಅವಲಂಬಿಸುವುದು ನಿಗಮದ ಘನತೆಗೆ ತಕ್ಕುದಲ್ಲವಾದ್ದರಿಂದ, ನಿಗಮವು ಸ್ವಂತ ವಿಫಲ ವ್ಯಕ್ತಿಯೊಬ್ಬರನ್ನು ಹೊಂದತಕ್ಕದ್ದು’ ಎಂದು ನಿರ್ಣಯಿಸಿತು. ಹಣಕಾಸು ಇಲಾಖೆಯೂ ತಕರಾರಿಲ್ಲದೆ ಒಪ್ಪಿತು.

ಸಂದರ್ಶನಕ್ಕೆ ಬಂದವರ ಸಾಲು ಬೀದಿಯವರೆಗೂ ಇತ್ತು. ಒಬ್ಬ ತನ್ನ ಸೋಲುಗಳನ್ನು ಎಷ್ಟು ಸೊಗಸಾಗಿ ಬಣ್ಣಿಸಿದನೆಂದರೆ ‘ಮಾತುಗಾರಿಕೆ ಇದೆ, ಅನರ್ಹ’ ಎಂದು ಷರಾ ಬರೆದು ಕಳಿಸಿದರು. ಒಬ್ಬಾಕೆ ಸೋಲಿನ ದಾಖಲೆಗಳನ್ನೆಲ್ಲ ವರ್ಷವಾರು ಜೋಡಿಸಿ ತಂದಿದ್ದಳು. ಅಚ್ಚುಕಟ್ಟುತನ ಕಂಡುಬಂದ ಕಾರಣ ಅವಳೂ ಹೋದಳು. ಮುನಿರಾಜ್ ಮಾತ್ರ ಎಲ್ಲ ಮುಗಿದ ಮೇಲೆ ಬಂದ. ಬೆಳಿಗ್ಗೆಯೇ ಹೊರಟವನು ಪಕ್ಕದ ಕಟ್ಟಡದ ಸಾಲಿನಲ್ಲಿ ಕೂತಿದ್ದ. ಅದು ಹಲ್ಲಿನ ಡಾಕ್ಟರ ಸಾಲು. ತನ್ನ ಹೆಸರು ಕರೆದು ಕುರ್ಚಿಯಲ್ಲಿ ಒರಗಿಸಿದಾಗಲೂ, ಸಂದರ್ಶನ ಈಗೀಗ ಹೀಗೂ ನಡೆಯುತ್ತಿರಬಹುದು ಎಂದುಕೊಂಡು ಬಾಯಿ ತೆರೆದ. ಒಂದು ದವಡೆ ಹಲ್ಲು ಹೋದ ಮೇಲೆ ವಿಷಯ ತಿಳಿಯಿತು.

ನಿಗಮದ ವ್ಯವಸ್ಥಾಪಕ ನಿರ್ದೇಶಕರಾದ ಮಲ್ಲಿಕಾರ್ಜುನಯ್ಯನವರು ಬಾಗಿಲು ಹಾಕಿಸಿ ಮೆಟ್ಟಿಲಿಳಿಯುತ್ತಿದ್ದರು. ಕೆನ್ನೆ ಊದಿ, ಬಾಯಲ್ಲಿ ಹತ್ತಿಯುಂಡೆ ಕಚ್ಚಿಕೊಂಡು ನಿಂತಿದ್ದ ಅಭ್ಯರ್ಥಿಯನ್ನು ಮೇಲಿಂದ ಕೆಳಗೆ ನೋಡಿದರು.

“ಯಾರ್ರೀ ನೀವು? ಏನಾಗ್ಬೇಕಿತ್ತು?”

ಮುನಿರಾಜ್ ಹೇಳಲು ಹೋಗಿ ಕೆಮ್ಮಿದ. ಹತ್ತಿಯುಂಡೆ ಸಾಹೇಬರ ಬೂಟಿನ ಮೇಲೆ ಬಿತ್ತು.

“ಸೋಮವಾರದಿಂದ ಬನ್ನಿ,” ಎಂದರು ಮಲ್ಲಿಕಾರ್ಜುನಯ್ಯ.

ಧರ್ಮರಾಜು ಅವರ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮಗನನ್ನು ಮಂಡಿಯಲ್ಲಿ ಕೂರಿಸಿದ್ದಾಗ ಅವನು ಗಿರಾಕಿಗಳಿಗೆಲ್ಲ, “ಈ ಬದನೆಕಾಯಲ್ಲಿ ಹುಳ ಇದೆ, ಬೇಡ ಬಿಡಿ,” ಎಂದು ಹೇಳಿ ವಾಪಸು ಕಳಿಸುತ್ತಿದ್ದ. ಬೇಡಪ್ಪ ಎಂದು ಶೇಷಾದ್ರಿಪುರದಲ್ಲಿ ಮೊಬೈಲ್ ರೀಚಾರ್ಜ್ ಅಂಗಡಿ ಹಾಕಿಕೊಟ್ಟರೆ, ಜನರೆಲ್ಲ ತಮ್ಮ ಫೋನಿನಲ್ಲೇ ರೀಚಾರ್ಜ್ ಮಾಡಿಕೊಳ್ಳುವುದನ್ನು ಕಲಿತದ್ದೂ ಆಗಲೇ. ತಾನು ಕೈ ಹಾಕಿದ್ದರಿಂದಲೇ ದೇಶದಲ್ಲಿ ತಂತ್ರಜ್ಞಾನ ಇಷ್ಟು ಬೇಗ ಮುಂದುವರಿಯಿತು ಎಂದು ಮುನಿರಾಜ್ ತನ್ನನ್ನೇ ಆಡಿಕೊಂಡು ನಗುತ್ತಿದ್ದ. ಬೇರೆಯವರು ನಗುವುದಕ್ಕಿಂತ ಮೊದಲೇ ತಾನು ನಕ್ಕುಬಿಡುವುದು ಅವನು ರೂಢಿಸಿಕೊಂಡಿದ್ದ ಒಂದೇ ಅಭ್ಯಾಸ.

ಹೊಸ ಕೆಲಸದಲ್ಲಿ ಮಾತ್ರ ಅವನಿಗೆ ಮೊದಲ ಬಾರಿಗೆ ಮನಸ್ಸು ನೆಟ್ಟಿತು. ತರಬೇತಿ ಬೆಳಿಗ್ಗೆ ಹತ್ತೂವರೆಗೆ ಶುರು. ಬೋಧಕಿ ಬಿಂದುಶ್ರೀ ಮೇಡಂ ಸಮಯಪಾಲನೆಯ ಪಾಠಕ್ಕೆ ಬಂದು, “ಯಶಸ್ವಿ ವ್ಯಕ್ತಿ ಎಂದಿಗೂ...” ಎಂದು ರಾಗ ಎಳೆಯುವ ಹೊತ್ತಿಗೆ ಸರಿಯಾಗಿ ಇವನು ಏದುಸಿರು ಬಿಡುತ್ತ ಒಳಗೆ ನುಗ್ಗಬೇಕು. ಅಷ್ಟು ಸರಿಯಾಗಿ ತಡವಾಗಬೇಕಾದರೆ ಬಸ್ಸನ್ನು ನಂಬಿ ಕೂರುವ ಹಾಗಿಲ್ಲ. ಹಾಗಾಗಿ ಅವನು ಕಾವಲುಗಾರನಿಗಿಂತ ಮೊದಲೇ ಬಂದು, ಕನ್ನಡಿ ಮುಂದೆ ತಲೆಕೂದಲನ್ನು ಶ್ರದ್ಧೆಯಿಂದ ಕೆದರಿ, ಅಂಗಿಯ ಗುಂಡಿಗಳನ್ನು ಒಂದು ಮನೆ ತಪ್ಪಿಸಿ ಹಾಕಿಕೊಂಡು, ಕೈಗಡಿಯಾರ ನೋಡುತ್ತ ಬಾಗಿಲ ಹಿಂದೆ ನಿಂತಿರುತ್ತಿದ್ದ. ಒಳಗೆ ನುಗ್ಗಿ, “ಟ್ರಾಫಿಕ್ಕು ಮೇಡಂ,” ಎನ್ನುತ್ತಿದ್ದ. ನೌಕರರೆಲ್ಲ ಪಾಪ ಎನ್ನುವಂತೆ ತಲೆಯಾಡಿಸುತ್ತಿದ್ದರು.

ಆಮೇಲೆ ಅವನನ್ನು ವೇದಿಕೆಯ ಮೇಲೆ ಕುರ್ಚಿ ಹಾಕಿ ಕೂರಿಸುತ್ತಿದ್ದರು. ಬಿಂದುಶ್ರೀ ಕೋಲಿನಿಂದ ಅವನ ಬಾಗಿದ ಬೆನ್ನನ್ನು ತೋರಿಸಿ, “ನೋಡಿ, ಈ ಬೆನ್ನು ನೋಡಿದ್ರೇ ಗೊತ್ತಾಗುತ್ತೆ, ಜೀವನದಲ್ಲಿ ಗುರಿ ಇಲ್ಲ ಅಂತ,” ಎನ್ನುತ್ತಿದ್ದಳು. ಮಾತು ನುಂಗುವ ಪಾಠಕ್ಕಾಗಿ ಮುನಿರಾಜ್ ಮನೆಯಲ್ಲಿ ಗೊಣಗುವುದನ್ನು ಅಭ್ಯಾಸ ಮಾಡುತ್ತಿದ್ದ. ಅವನ ತಾಯಿ ಲಕ್ಕಮ್ಮ ಅಡುಗೆಮನೆಯಿಂದ, “ಏನೋ ಅದು, ಯಾರನ್ನ ಬೈಕೊಳ್ತಿದೀಯ?” ಎಂದರೆ, “ಡ್ಯೂಟಿ ಅಮ್ಮ,” ಎನ್ನುತ್ತಿದ್ದ. ದಿನವಿಡೀ ಬಗ್ಗಿ ಕೂತು ಬಂದ ಬೆನ್ನಿಗೆ ಆಕೆ ಸಂಜೆ ಹರಳೆಣ್ಣೆ ತಿಕ್ಕುತ್ತಿದ್ದಳು. ಮಗನ ಹುದ್ದೆಯ ಹೆಸರು ಮಾತ್ರ ಆಕೆಯ ಬಾಯಲ್ಲಿ ಒಮ್ಮೆಯೂ ಬರುತ್ತಿರಲಿಲ್ಲ. ಅಕ್ಕಪಕ್ಕದವರು ಕೇಳಿದರೆ, ಆಫೀಸಿನಲ್ಲಿ ಕುರ್ಚಿ ಮೇಲೆ ಕೂರೋ ಕೆಲಸ ಎಂದಷ್ಟೇ ಹೇಳುತ್ತಿದ್ದಳು.

ಸಂಬಳ ನೆಲೆಯಾದ ಮೇಲೆ ಮನೆಯವರು ಹೆಣ್ಣು ನೋಡಲು ಹೊರಟರು. ಮತ್ತಿಕೆರೆಯಲ್ಲಿ ವಿದ್ಯಾರ್ಥಿಗಳಿಗೆ ಊಟ, ವಸತಿಯ ಪೀಜಿ ನಡೆಸುವ ಮುನಿರಾಮಪ್ಪನವರ ಮಗಳು ಲಾವಣ್ಯಾ. ಉಪ್ಪಿಟ್ಟು, ಕೇಸರಿಬಾತು ಬಂದವು. ಮುನಿರಾಮಪ್ಪ ನೇರವಾಗಿ ವಿಷಯಕ್ಕೆ ಬಂದರು.

“ಹುಡುಗನ ಪೋಸ್ಟು ಏನು ಅಂದ್ರಿ?”

ಧರ್ಮರಾಜು ಕೇಸರಿಬಾತಿನಲ್ಲಿ ದ್ರಾಕ್ಷಿ ಹುಡುಕತೊಡಗಿದರು. ಮುನಿರಾಜನೇ ಹೇಳಿದ, “ವಿಫಲ ವ್ಯಕ್ತಿ ಸಾರ್.”

“ಸರ್ಕಾರದ್ದೇ ತಾನೆ?”

“ಸರ್ಕಾರದ ನಿಗಮ.”

“ಪರ್ಮನೆಂಟಾ?”

“ಇನ್ನೂ ಪ್ರೊಬೇಷನ್ನು.”

ಅಲ್ಲಿಯವರೆಗೆ ಅರಳಿದ್ದ ಮುನಿರಾಮಪ್ಪನವರ ಮುಖ ಆಗ ಬಾಡಿತು. “ನೋಡಿ ಧರ್ಮರಾಜಣ್ಣ, ತಪ್ಪು ತಿಳ್ಕೋಬೇಡಿ. ವಿಫಲ ಅಂದ್ರೆ ನಂಗೇನೂ ತೊಂದ್ರೆ ಇಲ್ಲ, ನಮ್ಮ ಕಡೆ ಎಷ್ಟೋ ಜನ ಸಂಬಳ ಇಲ್ದೇನೇ ಆಗಿದಾರೆ. ಆದ್ರೆ ಪ್ರೊಬೇಷನ್ ಹುಡುಗನಿಗೆ ಮಗಳನ್ನ ಕೊಡೋದು ಹೆಂಗೆ? ಖಾಯಂ ಆರ್ಡರ್ ತಗೊಂಡು ಬನ್ನಿ, ಅವತ್ತೇ ತಾಂಬೂಲ ಬದಲಾಯಿಸ್ಕೊಳ್ಳೋಣ,” ಎಂದರು. ಅದು ನ್ಯಾಯವಾದ ಮಾತೆಂದು ಎರಡೂ ಕಡೆಯವರು ಒಪ್ಪಿದರು.

ಹುಡುಗ ಹುಡುಗಿ ಮಾತಾಡಲಿ ಎಂದು ಮಹಡಿಗೆ ಕಳಿಸಿದರು. ಒಣಗಲು ಹಾಕಿದ್ದ ಹುಡುಗರ ಜೀನ್ಸುಗಳ ನಡುವೆ ನಿಂತು ಲಾವಣ್ಯಾ ಕೇಳಿದಳು, “ನಿಜವಾಗ್ಲೂ ನಿಮಗೆ ಏನೂ ಬರಲ್ವಾ?”

ಮುನಿರಾಜ್ ಆಚೀಚೆ ನೋಡಿ ದನಿ ತಗ್ಗಿಸಿದ. “ಅವರೆಕಾಳು ಸಾರು ಚೆನ್ನಾಗ್ ಮಾಡ್ತೀನಿ. ದಯವಿಟ್ಟು ಎಲ್ಲೂ ಹೇಳ್ಬೇಡಿ.”

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. “ಇಷ್ಟು ಹುಡುಗರಿಗೆ ಅಡುಗೆ ಮಾಡಿಸಿ ಮಾಡಿಸಿ ಸಾಕಾಗಿದೆ ನಂಗೆ. ಬೇಗ ಖಾಯಂ ಮಾಡಿಸ್ಕೊಳ್ಳಿ. ನಾನೇನೋ ಕಾಯ್ತೀನಿ, ನಮ್ಮಪ್ಪ ಕಾಯಲ್ಲ.”

ಬದುಕಿನಲ್ಲಿ ಏನನ್ನೂ ಅಷ್ಟಾಗಿ ಬೇಕು ಎಂದುಕೊಂಡವನಲ್ಲ ಮುನಿರಾಜ್. ಬೇಕು ಎಂದುಕೊಂಡಿದ್ದು ಸಿಗುವುದಿಲ್ಲವೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವತ್ತು ಮತ್ತಿಕೆರೆಯಿಂದ ಬಸ್ಸಿನಲ್ಲಿ ನಿಂತು ಬರುವಾಗ ಮಾತ್ರ ಅವನಿಗೆ ಲಾವಣ್ಯಾ ಬೇಕು ಅನ್ನಿಸಿತು, ತುಂಬ ಬೇಕು ಅನ್ನಿಸಿತು. ಹೆದರಿಕೆಯೂ ಆಯಿತು.

ಹೆದರಿದ್ದಕ್ಕೆ ಸರಿಯಾಗಿ, ಮರುದಿನ ಕಚೇರಿಗೆ ಹೋದರೆ ಮೇಜಿನ ಮೇಲೆ ನೋಟಿಸು ಬಂದಿತ್ತು.

‘ವಿಷಯ: ತಾವು ಯಶಸ್ವಿಯಾಗಿರುವ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಾವು ಪ್ರತಿದಿನವೂ ತಪ್ಪದೆ ಒಂದೇ ಸಮಯಕ್ಕೆ ತಡವಾಗಿ ಬರುತ್ತಿರುವುದಾಗಿಯೂ, ರಜೆ ಹಾಕದೆ, ವಹಿಸಿದ ವೈಫಲ್ಯಗಳನ್ನೆಲ್ಲ ಅಚ್ಚುಕಟ್ಟಾಗಿ ನಿರ್ವಹಿಸುತ್ತಿರುವುದಾಗಿಯೂ ಮೂಗರ್ಜಿಯೊಂದು ಸ್ವೀಕೃತವಾಗಿರುತ್ತದೆ. ಇದು ಹುದ್ದೆಯ ಮೂಲ ಅರ್ಹತೆಗೆ ವ್ಯತಿರಿಕ್ತವಾಗಿರುವುದರಿಂದ, ತಾವು ಯಶಸ್ವಿಯಾಗಿರುವುದೇಕೆ ಎಂಬುದಕ್ಕೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು.’

ಮೂಗರ್ಜಿ ಬರೆದವಳು ತಾನೇ ಎಂದು ಬಿಂದುಶ್ರೀ ಕ್ಯಾಂಟೀನಿನಲ್ಲಿ ಬೈಟು ಕಾಫಿ ಹಂಚಿಕೊಳ್ಳುತ್ತ ಹೇಳಿದಳು. “ಬೇಜಾರ್ ಮಾಡ್ಕೋಬೇಡಿ ಮುನಿರಾಜ್. ನಾನು ಬೆಳಿಗ್ಗೆ ಐದಕ್ಕೆ ಏಳ್ತೀನಿ, ಹಿಡಿದ ಕೆಲಸ ಬಿಡಲ್ಲ, ಬೆನ್ನು ನೋಡಿ ಎಷ್ಟು ನೆಟ್ಟಗಿದೆ. ಆದ್ರೂ ಹೊರಗುತ್ತಿಗೆ. ಈ ಆಫೀಸಲ್ಲಿ ಖಾಯಂ ಆಗೋ ಪೋಸ್ಟ್ ಅಂತಿರೋದು ನಿಮ್ಮದೊಂದೇ. ಖಾಲಿ ಆದ್ರೆ ನಾನೇ ಅಪ್ಲೈ ಮಾಡೋಣ ಅಂತ.” ಮುನಿರಾಜನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಯಶಸ್ವಿ ವ್ಯಕ್ತಿಗಳ ಕಷ್ಟ ಅವನು ದಿನವೂ ಹತ್ತಿರದಿಂದ ನೋಡುತ್ತಿದ್ದ.

ಮಲ್ಲಿಕಾರ್ಜುನಯ್ಯನವರು ಅವನನ್ನು ಕೋಣೆಗೆ ಕರೆದು ಕೂರಿಸಿ, ಮನೆಯ ಹಿರಿಯರಂತೆ ಬಿಡಿಸಿ ಹೇಳಿದರು.

“ನೋಡಿ, ನಿಮ್ಮನ್ನ ಖಾಯಂ ಮಾಡ್ಬೇಕಾದ್ರೆ ‘ಸೇವೆ ತೃಪ್ತಿಕರ’ ಅಂತ ನಾನು ಬರೀಬೇಕು. ತೃಪ್ತಿಕರ ಅಂದ್ರೆ ನೀವು ನಿಮ್ಮ ಕೆಲಸದಲ್ಲಿ ಗೆದ್ದಂಗೆ. ಗೆದ್ದೋರಿಗೆ ಈ ಹುದ್ದೇಲಿ ಜಾಗ ಇಲ್ಲ. ತೃಪ್ತಿಕರ ಅಲ್ಲ ಅಂತ ಬರೆದ್ರೆ ಮನೆಗೆ ಕಳಿಸ್ಬೇಕು.”

“ಹಾಗಾದ್ರೆ ನಾನೇನ್ ಮಾಡ್ಲಿ ಸಾರ್? ಮದ್ವೆ ನಿಂತಿದೆ.”

“ಮದ್ವೆ ಅಂದ್ರೇನೇ ಒಂದು ಅನುಮಾನ ಬರುತ್ತೆ. ಹುಡುಗಿ ಒಪ್ಪಿದಾಳಾ?”

ಮುನಿರಾಜ್ ತಲೆ ತಗ್ಗಿಸಿದ.

“ಅದನ್ನ ಎಲ್ಲೂ ಬಾಯಿ ಬಿಡ್ಬೇಡಿ,” ಎಂದರು ಮಲ್ಲಿಕಾರ್ಜುನಯ್ಯ. “ವಿಚಾರಣೆ ಇಡೋಣ. ನೀವು ವಿಫಲರು ಅಂತ ಸಾಕ್ಷಿ ಸಮೇತ ಸಾಬೀತು ಮಾಡಿ. ಮಿಕ್ಕಿದ್ದು ನಾನು ನೋಡ್ಕೋತೀನಿ.”

ನಿಗಮದಲ್ಲಿ ಬೇರೆ ವಿಚಾರಣಾಧಿಕಾರಿ ಇಲ್ಲದ್ದರಿಂದ ಮಲ್ಲಿಕಾರ್ಜುನಯ್ಯನವರೇ ಆ ಕುರ್ಚಿಯಲ್ಲಿ ಕೂತರು. ಮೊದಲ ಸಾಕ್ಷಿ ಧರ್ಮರಾಜು. ಮಗನ ನೌಕರಿಯ ಪ್ರಶ್ನೆಯೆಂದು ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಬಂದಿದ್ದರು.

“ನಮ್ಮೋನಷ್ಟು ಸೋತೋನು ಕಲಾಸಿಪಾಳ್ಯದಲ್ಲೇ ಸಿಗಲ್ಲ ಸಾರ್,” ಎಂದು ಗಟ್ಟಿ ದನಿಯಲ್ಲಿ ಶುರು ಮಾಡಿದರು. “ನಮ್ಮಪ್ಪನ ಕಾಲದ ಮಂಡಿ, ಒಂದೇ ಬೇಸಿಗೇಲಿ ಗಿರಾಕಿ ಎಲ್ಲ ಓಡಿಸ್ದ. ಅಂಗಡಿ ಇಟ್ಕೊಟ್ಟೆ, ಮುಚ್ಚಿಸ್ದ. ಓದಿಸ್ದೆ, ಫೇಲಾದ. ಇವನನ್ನ ನಂಬಿ ನಾನು...” ಇಲ್ಲಿಗೆ ಅವರ ದನಿ ಸಣ್ಣಗಾಯಿತು. ಕರವಸ್ತ್ರದಿಂದ ಮುಖ ಒರೆಸಿಕೊಂಡು ಕೂತುಬಿಟ್ಟರು.

ಅಪ್ಪ ಹೇಳಿದ್ದೆಲ್ಲ ಮುನಿರಾಜನೇ ಹೇಳಿಕೊಟ್ಟ ಮಾತು. ಹೇಳಿಕೊಡುವಾಗ ಇಬ್ಬರೂ ನಕ್ಕಿದ್ದರು. ಈಗ ಇಷ್ಟು ಜನರೆದುರು ಕೇಳಿಸಿಕೊಳ್ಳುವಾಗ ಅದರಲ್ಲಿ ನಟನೆ ಎಷ್ಟು, ನಿಜ ಎಷ್ಟು ಎಂದು ಅವನಿಗೆ ಗೊತ್ತಾಗಲಿಲ್ಲ. ಸಾಕ್ಷಿ ಮುಗಿಸಿ ಪಕ್ಕಕ್ಕೆ ಬಂದ ಧರ್ಮರಾಜು ಅವನ ಕಿವಿಯಲ್ಲಿ, “ಚೆನ್ನಾಗ್ ಹೇಳಿದ್ನೇನೋ?” ಎಂದು ಕೇಳಿದರು. “ಚೆನ್ನಾಗಿತ್ತಪ್ಪ,” ಎಂದ.

ಎರಡನೆಯ ಸಾಕ್ಷಿ ಲಕ್ಕಮ್ಮ. ಕೇಳಿದ್ದಕ್ಕೆಲ್ಲ ‘ಹೂಂ’ ಅಂದರೆ ಸಾಕು ಎಂದು ಮನೆಯಲ್ಲಿ ಆಕೆಗೆ ಮೂರು ಮೂರು ಸಲ ಹೇಳಿ ಕರೆತಂದಿದ್ದರು.

“ನಿಮ್ಮ ಮಗ ವಿಫಲ ವ್ಯಕ್ತಿ ಅನ್ನೋದನ್ನ ಒಪ್ತೀರಾ ತಾಯಿ?”

ಲಕ್ಕಮ್ಮ ಸೆರಗು ಸರಿ ಮಾಡಿಕೊಂಡಳು. ಗಂಡನ ಕಡೆ ನೋಡಿದಳು, ಮಗನ ಕಡೆ ನೋಡಿದಳು. “ಇಲ್ಲ,” ಎಂದಳು.

“ಅಮ್ಮಾ!” ಎಂದ ಮುನಿರಾಜ್.

“ನೀನು ಸುಮ್ನಿರು. ಬದನೆಕಾಯಲ್ಲಿ ಹುಳ ಇದೆ ಅಂದ. ಹುಳ ಇತ್ತು ಸ್ವಾಮಿ! ಇವರು ಮಂಡೀಲಿ ಜಾರಿ ಬಿದ್ದು ಸೊಂಟ ಮುರ್ಕೊಂಡಾಗ ಎತ್ತಿ ಕೂರಿಸಿ, ಸ್ನಾನ ಮಾಡ್ಸಿ, ಹೊತ್ತೊತ್ತಿಗೆ ಮಾತ್ರೆ ಕೊಟ್ಟೋನು ಇವನು. ಒಂದು ಹೊತ್ತು ತಪ್ಪಿಸ್ಲಿಲ್ಲ. ನಂಗೆ ಜ್ವರ ಬಂದ್ರೆ ಇವನೇ ಅಡುಗೆ ಮಾಡೋನು. ಇವನು ಮಾಡೋ ಅವರೆಕಾಳು ಸಾರು ನಂಗೂ ಬರಲ್ಲ. ನನ್ನ ಮಗ ಸೋತಿದಾನೆ ಅಂತ ನಾನು ಯಾಕ್ ಹೇಳ್ಲಿ?”

‘ಸಮಯಪಾಲನೆ: ಇದೆ. ಹಿಡಿದ ಕೆಲಸ ಮುಗಿಸುವುದು: ಇದೆ. ಸಾರು: ಇದೆ’ ಎಂದು ಗುಮಾಸ್ತೆ ದಾಖಲಿಸಿಕೊಂಡಳು. ಮಲ್ಲಿಕಾರ್ಜುನಯ್ಯನವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಸ್ವಂತ ತಾಯಿಯೇ ಹೀಗೆ ಹೇಳಿದ ಮೇಲೆ ತಾವು ಮಾಡುವುದೇನೂ ಉಳಿದಿಲ್ಲವೆಂದರು.

ಮನೆಗೆ ನಡೆದು ಹೋಗುವಾಗ ಧರ್ಮರಾಜು ಮುಂದೆ ಮುಂದೆ ದಾಪುಗಾಲು ಹಾಕುತ್ತಿದ್ದರು. ಹಿಂದೆ ತಾಯಿ, ಮಗ. “ನಾನು ಹೇಳಿದ್ದು ತಪ್ಪಾಯ್ತೇನೋ?” ಎಂದು ಕೇಳಿದಳು ಲಕ್ಕಮ್ಮ.

“ಇಲ್ಲಮ್ಮ.”

“ಆ ಹುಡುಗಿ ಕೈತಪ್ಪಿ ಹೋಗ್ತಾಳಲ್ಲೋ.”

ಲಾವಣ್ಯಾ ಹೋಗುತ್ತಾಳೆ ಎಂದು ಅವನಿಗೆ ಅಳು ಬರುವಂತಾಗಿತ್ತು. ಅದರ ಜೊತೆಗೇ, ಹುಟ್ಟಿ ಬೆಳೆದ ಇಷ್ಟು ವರ್ಷಗಳಲ್ಲಿ ಯಾರಾದರೂ ತನ್ನ ಪರವಾಗಿ ಎದ್ದು ನಿಂತು ಮಾತಾಡಿದ್ದು ಇದೇ ಮೊದಲು ಎಂಬ ಸಂತೋಷವೂ ಇತ್ತು. ಎರಡೂ ಒಟ್ಟಿಗೆ ಬಂದರೆ ಏನು ಮಾಡಬೇಕೆಂದು ನಿಗಮದ ಯಾವ ಪಾಠದಲ್ಲೂ ಹೇಳಿರಲಿಲ್ಲ. ದಾರಿಯಲ್ಲಿ ಸೊಗಡಿನ ಅವರೆ ಕಂಡಿತು. ಅಮ್ಮನಿಗಿಷ್ಟ ಎಂದು ಕೊಂಡುಕೊಂಡ.

ಕೆಲವು ದಿನಗಳ ನಂತರ ಆದೇಶ ಬಂತು. ಮುನಿರಾಜ್ ಅದನ್ನು ನಿಂತುಕೊಂಡು ಓದಿದ, ಕೂತುಕೊಂಡು ಇನ್ನೊಮ್ಮೆ ಓದಿದ.

‘ಸದರಿ ನೌಕರರು ತಾವು ವಿಫಲರೆಂದು ಸಾಬೀತುಪಡಿಸಲು ನಿಗಮವು ಸಾಕಷ್ಟು ಕಾಲಾವಕಾಶ ಹಾಗೂ ನೆರವು ನೀಡಿದ್ದಾಗ್ಯೂ, ಹೆತ್ತ ತಾಯಿಯಿಂದಲೂ ಅನುಕೂಲಕರ ಸಾಕ್ಷ್ಯ ಪಡೆಯಲಾಗದೆ, ತಮ್ಮ ವೈಫಲ್ಯವನ್ನು ಸಾಬೀತುಪಡಿಸುವಲ್ಲಿ ಸಂಪೂರ್ಣವಾಗಿ ವಿಫಲರಾಗಿರುತ್ತಾರೆ. ಇಂತಹ ವೈಫಲ್ಯವು ನಿಗಮದ ಇತಿಹಾಸದಲ್ಲಿ ಹಿಂದೆ ಕಂಡುಬಂದಿರುವುದಿಲ್ಲ. ಆದ್ದರಿಂದ ಸದರಿಯವರು ಹುದ್ದೆಗೆ ಸರ್ವಥಾ ಅರ್ಹರೆಂದು ಪರಿಗಣಿಸಿ, ಅವರ ಸೇವೆಯನ್ನು ಖಾಯಂಗೊಳಿಸಿ ಆದೇಶಿಸಿದೆ. ಷರತ್ತು: ಸದರಿಯವರು ನಿವೃತ್ತಿಯವರೆಗೆ, ಕಚೇರಿಯ ಒಳಗಾಗಲಿ ಹೊರಗಾಗಲಿ, ಸಾರ್ವಜನಿಕರು ನೆರೆಯುವ ಯಾವುದೇ ಕಾರ್ಯಕ್ರಮಕ್ಕೆ ಸಮಯಕ್ಕೆ ಸರಿಯಾಗಿ ಹಾಜರಾಗತಕ್ಕದ್ದಲ್ಲ.’

ಮುನಿರಾಮಪ್ಪ ಆದೇಶದ ಪ್ರತಿಯನ್ನು ಬೆಳಕಿಗೆ ಹಿಡಿದು ಮೊಹರು ನೋಡಿದರು. ಅವತ್ತೇ ತಾಂಬೂಲ ಬದಲಾಯಿತು. ಲಗ್ನಪತ್ರಿಕೆಯಲ್ಲಿ ‘ಚಿ. ಮುನಿರಾಜ್, ವಿಫಲ ವ್ಯಕ್ತಿ (ಖಾಯಂ)’ ಎಂದು ಹಾಕಿಸಿದರು. ಬಂಧುಗಳು ಆವರಣದೊಳಗಿನ ಪದದ ಮೇಲೆ ಬೆರಳಿಟ್ಟು, ಮುನಿರಾಮಪ್ಪ ಒಳ್ಳೇ ಕಡೆ ಹಿಡಿದ ಎಂದು ಮಾತಾಡಿಕೊಂಡರು.

ಮದುವೆ ಬಸವನಗುಡಿಯ ಒಂದು ಛತ್ರದಲ್ಲಿ. ಗಂಡಿನ ಕಡೆಯವರು ಹಿಂದಿನ ಸಂಜೆಯೇ ಬಂದು ಅಲ್ಲೇ ತಂಗಿದ್ದರು. ಮುಹೂರ್ತದ ಹೊತ್ತಿಗೆ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಮಲ್ಲಿಕಾರ್ಜುನಯ್ಯನವರು ಗಡಿಯಾರ ನೋಡುತ್ತ ಕೂತಿದ್ದರು. ಪಕ್ಕದಲ್ಲಿ ಬಿಂದುಶ್ರೀ ಬೆನ್ನು ಬಗ್ಗಿಸಿಕೊಂಡು ಕೂತಿದ್ದಳು. ‘ಕಿರಿಯ ವಿಫಲ ವ್ಯಕ್ತಿ’ ಎಂಬ ಹೊಸ ಹುದ್ದೆಗೆ ಅವಳು ಅರ್ಜಿ ಹಾಕಿದ್ದಳು.

ಪುರೋಹಿತರು ವರನನ್ನು ಕರೆದರು. ಮುನಿರಾಮಪ್ಪ ಮೈಕು ತೆಗೆದುಕೊಂಡು ಗಂಟಲು ಸರಿಮಾಡಿಕೊಂಡರು. “ಬಂಧುಗಳಲ್ಲಿ ವಿನಂತಿ. ವರ ಬಂದು ಬಹಳ ಹೊತ್ತಾಗಿದೆ, ಆದರೆ ನಿಯಮದ ಪ್ರಕಾರ ಇನ್ನೂ ಬಂದಿಲ್ಲ. ಪರ್ಮನೆಂಟ್ ಕೆಲಸ. ದಯವಿಟ್ಟು ಎಲ್ಲರೂ ಸಹಕರಿಸಬೇಕು.” ಜನ ಸಹಕರಿಸಿದರು. ಪುರೋಹಿತರು ಪಂಚಾಂಗ ತಿರುವಿ, ಇದು ಕಳೆದರೆ ಇನ್ನೊಂದು ಲಗ್ನ ಇದೆ, ಅದೂ ಒಳ್ಳೆಯದೇ ಎಂದರು. ವಾದ್ಯದವರು ಇನ್ನೊಂದು ಕೀರ್ತನೆ ಎತ್ತಿಕೊಂಡರು.

ಮುನಿರಾಜ್ ಪೇಟ ಕಟ್ಟಿಕೊಂಡು ಬಾಗಿಲ ಹಿಂದೆ ಗಡಿಯಾರ ನೋಡುತ್ತ ನಿಂತಿದ್ದ. ಅಡುಗೆಮನೆಯ ಕಡೆಯಿಂದ ಧಾರೆ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಲಾವಣ್ಯಾ ಬಂದಳು.

“ನಿಮಗೆ ಲೇಟಾಗೋಕೆ ಇನ್ನೂ ಎಷ್ಟು ಹೊತ್ತಿದೆ?”

“ಇನ್ನೇನು, ಸ್ವಲ್ಪ.”

“ಸರಿ, ನಾನು ಹೋಗಿ ಕೂತಿರ್ತೀನಿ. ಜಾಸ್ತಿ ಲೇಟ್ ಮಾಡ್ಬೇಡಿ, ಅದೂ ರೂಲ್ಸಿಗೆ ತಪ್ಪು,” ಎಂದು ಅವಳು ನಗುತ್ತ ಹೋದಳು. ಅವನಿಗೂ ನಗು ಬಂತು. ಬಾಗಿಲ ಸಂದಿಯಿಂದ ಇಣುಕಿದರೆ, ಒಳಗೆ ಯಾರೂ ಅವನನ್ನು ಆಡಿಕೊಂಡು ನಗುತ್ತಿರಲಿಲ್ಲ. ತನ್ನನ್ನು ನೋಡಿ ಮೊದಲು ನಕ್ಕುಬಿಡುವ ಅಭ್ಯಾಸ ಇನ್ನು ಬೇಕಾಗುವುದಿಲ್ಲವೇನೋ ಅನ್ನಿಸಿ ಅವನು ತೆಪ್ಪಗಾದ.

ಆಗ ಲಕ್ಕಮ್ಮ ಬಂದಳು. ಅಷ್ಟು ಜನರಲ್ಲಿ ಅವನ ಹುದ್ದೆಯನ್ನು ಒಪ್ಪದೇ ಇದ್ದವಳು ಆಕೆಯೊಬ್ಬಳೇ. ಮಗನನ್ನು ಒಂದು ಗಳಿಗೆ ಕಣ್ತುಂಬ ನೋಡಿದಳು. ಅಂಗಿಯ ಮೇಲಿನ ಗುಂಡಿ ಬಿಚ್ಚಿ ಒಂದು ಮನೆ ಕೆಳಗೆ ಹಾಕಿದಳು. ಕೈ ಎತ್ತಿ, ನೆಟ್ಟಗಿದ್ದ ಪೇಟವನ್ನು ಒಂದು ಕಡೆಗೆ ವಾಲಿಸಿದಳು. “ಈಗ ಹೋಗು,” ಎಂದಳು. “ಟ್ರಾಫಿಕ್ಕು ಅಂತ ಹೇಳೋದ್ ಮರೀಬೇಡ.”

ಮುನಿರಾಜ್ ಏದುಸಿರು ಬಿಡುತ್ತ ಒಳಗೆ ಓಡಿದ. ಹಿಂದಿನ ರಾತ್ರಿ ಅದೇ ಛತ್ರದಲ್ಲಿ ಮಲಗಿ ಎದ್ದಿದ್ದ ವರ, “ಟ್ರಾಫಿಕ್ಕು,” ಎಂದ. ಛತ್ರದಲ್ಲಿದ್ದವರೆಲ್ಲ ಪಾಪ ಎಂದು ತಲೆಯಾಡಿಸಿ ಅಕ್ಷತೆ ಹಿಡಿದರು.